ಇಲಿ ಬಿಟ್ಟು ಬಸವನಹುಳು: ನನ್ನ ಉಡದ ಊಟ ಬದಲಾದ ಬಗೆ

ನಾನು ನೋಡಿಕೊಳ್ಳುವ ಸವನ್ನಾ ಉಡಕ್ಕೆ ಮೊದಲ ಎರಡು ವರ್ಷ ಇಲಿಯೇ ಊಟ. ವಾರಕ್ಕೆ ಮೂರು ಸಲ ಕೊಡುತ್ತಿದ್ದೆ. ಅದನ್ನು ನನಗೆ ಒಪ್ಪಿಸಿದವರು ಹಾಗೇ ಮಾಡಿ ಅಂದಿದ್ದರು. ಇಕ್ಕಳದಲ್ಲಿ ಇಲಿ ಕಂಡರೆ ಸಾಕು, ಓಡಿ ಬಂದು ಒಂದೇ ಗುಕ್ಕಿಗೆ ನುಂಗುತ್ತಿತ್ತು. ಇಷ್ಟು ಆಸೆಯಿಂದ ತಿನ್ನುತ್ತದೆ ಅಂದಮೇಲೆ ಅದಕ್ಕೆ ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ.

ಒಂದು ದಿನ ಅದು ತನ್ನ ಮರದ ದಿಮ್ಮಿ ಹತ್ತಲು ಹೋಗಿ ಅರ್ಧಕ್ಕೇ ನಿಂತಿತು. ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು, ಬಾಲದ ಬುಡ ಉಬ್ಬಿತ್ತು. ವೈದ್ಯರು ಸ್ಕ್ಯಾನ್ ಮಾಡಿದಾಗ ಹೊಟ್ಟೆಯ ತುಂಬ ಕೊಬ್ಬು, ಪಿತ್ತಜನಕಾಂಗದಲ್ಲೂ ಕೊಬ್ಬು. ಪ್ರೀತಿಯಿಂದ ತಿನ್ನಿಸಿದ್ದೇ ಅದಕ್ಕೆ ರೋಗ ತಂದಿತ್ತು. ಆ ಸಂಕಟ ಇನ್ನೂ ನನ್ನನ್ನು ಬಿಟ್ಟಿಲ್ಲ.

ಆಮೇಲೆ ಕೂತು ಓದಿದೆ. ಸವನ್ನಾ ಉಡ ಆಫ್ರಿಕಾದ ಹುಲ್ಲುಗಾವಲಿನ ಪ್ರಾಣಿ. ಕಾಡಿನಲ್ಲಿ ಅದು ಇಲಿ ತಿನ್ನುವುದು ಅಪರೂಪ. ಘಾನಾದಲ್ಲಿ ಮರಿಗಳನ್ನು ಹತ್ತಿರದಿಂದ ನೋಡಿದವರು ಹೇಳುವುದು, ಅವು ನೆಲದಲ್ಲಿ ಬಿಲ ತೋಡುವ ದೊಡ್ಡ ಕೀಟಗಳನ್ನು ಹಿಡಿದು ತಿನ್ನುತ್ತವೆ, ಅದೇ ಬಿಲಗಳಲ್ಲೇ ಮಲಗುತ್ತವೆ. ದೊಡ್ಡವಾದ ಮೇಲೆ ಮಿಡತೆ, ದುಂಬಿ, ಚೋರಟೆ (ಸಹಸ್ರಪದಿ), ಚೇಳು, ಬಸವನಹುಳು. ಬೆಳೆದ ಸವನ್ನಾ ಉಡದ ಹಿಂದಿನ ಹಲ್ಲುಗಳು ಮೊಂಡಾಗುತ್ತವೆ. ಅವು ಮಾಂಸ ಸೀಳುವ ಹಲ್ಲುಗಳಲ್ಲ, ಚಿಪ್ಪು ಒಡೆಯುವ ಹಲ್ಲುಗಳು. ಉತ್ತರ ಅದರ ಬಾಯಲ್ಲೇ ಇತ್ತು, ನಾನು ನೋಡಿರಲಿಲ್ಲ.

ಹಾಗಂತ ಎಲ್ಲ ಉಡಕ್ಕೂ ಇದೇ ಊಟ ಅಂತಲ್ಲ. ಕೊಮೊಡೊ ಡ್ರ್ಯಾಗನ್ ಜಿಂಕೆ, ಹಂದಿಗಳನ್ನು ಕೆಡವುತ್ತದೆ. ನೈಲ್ ಉಡಕ್ಕೆ ಏಡಿ, ಮೊಸಳೆ ಮೊಟ್ಟೆ ಅಂದರೆ ಪ್ರಾಣ. ಫಿಲಿಪ್ಪೀನ್ಸ್‌ನ ಗ್ರೇ ಉಡವಂತೂ ಹಣ್ಣನ್ನೂ ತಿನ್ನುತ್ತದೆ! 1988ರಲ್ಲಿ ಲೋಸೋಸ್ ಮತ್ತು ಗ್ರೀನ್ ಎಂಬ ವಿಜ್ಞಾನಿಗಳು ಸಂಗ್ರಹಾಲಯದ ಉಡಗಳ ಹೊಟ್ಟೆ ಬಿಚ್ಚಿ ನೋಡಿದಾಗ ಹೆಚ್ಚಿನ ಜಾತಿಗಳಲ್ಲಿ ಸಿಕ್ಕಿದ್ದು ಕೀಟ, ಹುಳು, ಸಣ್ಣಪುಟ್ಟ ಜೀವಿಗಳೇ. ಅದಕ್ಕೇ ನಾನು ಯಾರೇ ಕೇಳಿದರೂ ಮೊದಲು ಜಾತಿ ಯಾವುದು ಅಂತ ಕೇಳುತ್ತೇನೆ.

ಬದಲಾವಣೆ ಸುಲಭವಾಗಲಿಲ್ಲ. ಜಿರಲೆ ಬಿಟ್ಟರೆ ಮೂಸಿ ನೋಡಿ ಮುಖ ತಿರುಗಿಸಿತು. ಮೂರು ವಾರ ಸರಿಯಾಗಿ ತಿನ್ನಲಿಲ್ಲ. ನನಗೆ ನಿದ್ದೆ ಬರುತ್ತಿರಲಿಲ್ಲ. ವೈದ್ಯರನ್ನು ಕೇಳಿದೆ. ಇಷ್ಟು ಕೊಬ್ಬಿರುವ ಪ್ರಾಣಿಯನ್ನು ಪೂರ್ತಿ ಉಪವಾಸ ಕೆಡವಬಾರದು, ಆಗ ಮೈಯಿಂದ ಕರಗಿ ಬರುವ ಕೊಬ್ಬು ಪಿತ್ತಜನಕಾಂಗಕ್ಕೇ ಹೊರೆಯಾಗುತ್ತದೆ ಅಂದರು. ಹಾಗಾಗಿ ಇಲಿಯನ್ನು ಒಂದೇ ಸಲ ನಿಲ್ಲಿಸದೆ ಚಿಕ್ಕದು ಮಾಡುತ್ತ ಬಂದೆ. ಇಲಿಯ ವಾಸನೆ ಹಿಡಿಸಿದ ಜಿರಲೆ ಕೊಟ್ಟೆ. ಅದು ಕೆಲಸ ಮಾಡಿತು.

ಇಲಿ ನಿಂತು ತಿಂಗಳಾಗಿತ್ತು. ಅವತ್ತು ಮೊದಲ ಬಸವನಹುಳು ಇಟ್ಟೆ. ನಾಲಿಗೆ ಚಾಚಿ ಎರಡು ಮೂರು ಸಲ ನೆಕ್ಕಿತು. ಚಿಪ್ಪನ್ನು ಬಾಯಿಯ ಪಕ್ಕಕ್ಕೆ ಸರಿಸಿಕೊಂಡಿತು. ಹಿಂದಿನ ಹಲ್ಲಿಗೆ ಬಂದದ್ದೇ ಕರಕ್ ಅಂತ ಶಬ್ದ! ಮತ್ತೆ ಕರಕ್. ತಲೆ ಒದರಿ ಚಿಪ್ಪಿನ ಚೂರು ಉದುರಿಸಿ, ಮೆತ್ತಗಿದ್ದದ್ದನ್ನು ನುಂಗಿತು. ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಈಗ ಮುಕ್ಕಾಲು ಪಾಲು ಊಟ ಕೀಟ, ಹುಳುಗಳೇ: ಜಿರಲೆ, ಮಿಡತೆ, ದುಂಬಿಯ ಮರಿಹುಳು, ಎರೆಹುಳು. ಉಳಿದದ್ದು ಬಸವನಹುಳು, ಆಗೊಮ್ಮೆ ಈಗೊಮ್ಮೆ ಏಡಿ. ತಟ್ಟೆಯಲ್ಲಿ ಹಾಕುವುದು ಬಿಟ್ಟಿದ್ದೇನೆ. ಅರ್ಧದಷ್ಟನ್ನು ಮಣ್ಣಿನಲ್ಲಿ, ಎಲೆಗಳ ಕೆಳಗೆ ಬಿಡುತ್ತೇನೆ. ಉಡ ಮೂಸಿ, ಕೆರೆದು, ತೋಡಿ ಹುಡುಕುತ್ತದೆ. ತೂಕ ಇಳಿದದ್ದು ಊಟದಿಂದ ಎಷ್ಟೋ, ಈ ಹುಡುಕಾಟದಿಂದಲೂ ಅಷ್ಟೇ ಅಂತ ನನ್ನ ನಂಬಿಕೆ.

ಒಂದು ಮಾತು ಜೋರಾಗಿಯೇ ಹೇಳುತ್ತೇನೆ, ಕೀಟ ಸುಮ್ನೆ ಹಾಕಿದರೆ ಸಾಲದು. ಹೆಚ್ಚಿನ ಕೀಟಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಜಾಸ್ತಿ. ಉಡಕ್ಕೆ ಬೇಕಾದದ್ದು ಅದರ ತದ್ವಿರುದ್ಧ, ಸುಮಾರು 2 ಪಾಲು ಕ್ಯಾಲ್ಸಿಯಂಗೆ 1 ಪಾಲು ರಂಜಕ. ಅದಕ್ಕೆ ಕೀಟಗಳಿಗೆ ಒಂದೆರಡು ದಿನ ಮೊದಲೇ ಸೊಪ್ಪು, ತರಕಾರಿ ತಿನ್ನಿಸುತ್ತೇನೆ. ಕೊಡುವ ಮುಂಚೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸುತ್ತೇನೆ. ಯುವಿಬಿ ದೀಪ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ದೀಪ) ಬೇಕೇ ಬೇಕು, ಅದಿಲ್ಲದೆ ವಿಟಮಿನ್ ಡಿ3 ತಯಾರಾಗುವುದಿಲ್ಲ, ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಬಿಸಿಲು ಕಾಯುವ ಕಲ್ಲಿನ ಮೇಲ್ಮೈ 50 ಡಿಗ್ರಿ ದಾಟಿರುವಂತೆ ನೋಡಿಕೊಳ್ಳುತ್ತೇನೆ. ತಣ್ಣಗಿರುವ ಉಡದ ಹೊಟ್ಟೆಯಲ್ಲಿ ತಿಂದದ್ದು ಹಾಗೇ ಕೊಳೆಯುತ್ತದೆ. ನೀರು ಯಾವಾಗಲೂ ಇರಬೇಕು, ಮಣ್ಣಿನ ಆಳದಲ್ಲಿ ತೇವವೂ ಇರಬೇಕು. ನೀರು ಕಡಿಮೆಯಾದರೆ ಯೂರಿಕ್ ಆಮ್ಲ ಕೀಲುಗಳಲ್ಲಿ, ಮೂತ್ರಪಿಂಡದಲ್ಲಿ ಕೂತು ಗೌಟ್ ಬರುತ್ತದೆ.

ಬೆಕ್ಕು ನಾಯಿಗಳ ತಿಂಡಿ, ಬರೀ ಕೊಚ್ಚಿದ ಮಾಂಸ ನಾನು ಕೊಡುವುದಿಲ್ಲ. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊಲದಿಂದ ಹಿಡಿದ ಕೀಟವೂ ಬೇಡ, ಅದರ ಮೈಯಲ್ಲಿ ಯಾವ ಔಷಧಿ ಇದೆಯೋ ಗೊತ್ತಾಗುವುದಿಲ್ಲ. ಮಿಂಚುಹುಳು ಮಾತ್ರ ಎಂದೂ ಹತ್ತಿರಕ್ಕೆ ಬಿಡಬೇಡಿ. ಅದರ ವಿಷಕ್ಕೆ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಗಳು ಸತ್ತಿವೆ.

ಹಾಗಂತ ಇಲಿ ಯಾವತ್ತೂ ಬೇಡ ಅಂತಲ್ಲ. ಮೊಟ್ಟೆಯಿಟ್ಟು ಸೊರಗಿದ ಹೆಣ್ಣು ಉಡಕ್ಕೆ ಒಂದೆರಡು ಕೊಡಬಹುದು, ಆಗ ಅದಕ್ಕೆ ಶಕ್ತಿ ಬೇಕು.

ವಾರಕ್ಕೊಮ್ಮೆ ತೂಕ ನೋಡುತ್ತೇನೆ, ದಿನಾ ಹಿಕ್ಕೆ ನೋಡುತ್ತೇನೆ. ಮೊದಲು ಅದು ಕೂದಲು ತುಂಬಿದ ಉಂಡೆಯಾಗಿ ಗಬ್ಬು ನಾರುತ್ತಿತ್ತು. ನಿನ್ನೆ ಕಡ್ಡಿಯಿಂದ ಬಿಡಿಸಿ ನೋಡಿದೆ. ದುಂಬಿಯ ಹೊಳೆಯುವ ರೆಕ್ಕೆಚಿಪ್ಪು, ಮಿಡತೆಯ ಕಾಲು, ಮಣ್ಣು, ಬಿಳಿ ಯೂರೇಟ್ (ಉಡದ ಗಟ್ಟಿ ಮೂತ್ರ) ಮೆತ್ತಗೆ. ಸ್ವಚ್ಛ ಮಾಡಿ ಕೈ ತೊಳೆದು ಬರುವಷ್ಟರಲ್ಲಿ ಅದು ದಿಮ್ಮಿಯ ತುದಿ ಹತ್ತಿ ಕೂತಿತ್ತು.