ನೆರೆ ಬಂದ ಮೇಲೆ ಸಾಲ: ಅಡಮಾನ ಎಲ್ಲಿ ಬೇಕು, ಎಲ್ಲಿ ಬೇಡ

ಕಾರಟಗಿ, ಗಂಗಾವತಿ ಕಡೆ ಕೊಯ್ಲಿಗೆ ಬಂದ ಭತ್ತ ಮಳೆಗೆ ನೆಲಕ್ಕೆ ಮಲಗಿದರೆ ನಮ್ಮವರು ಮೊದಲು ಪಹಣಿ ಹಿಡಿದು ಬ್ಯಾಂಕಿಗೆ ಓಡುತ್ತಾರೆ. ಸ್ವಲ್ಪ ತಡೀರಿ.

ಕೃಷಿ ಸಾಲ 2 ಲಕ್ಷ ರೂಪಾಯಿ ಒಳಗಿದ್ದರೆ ಹೊಲ ಅಡ ಇಡಬೇಕಿಲ್ಲ. 2025ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ಈ ಮಿತಿಯನ್ನು 1.6 ಲಕ್ಷದಿಂದ ಏರಿಸಿದೆ. ಇದು ತಲಾ ಒಬ್ಬ ಸಾಲಗಾರನಿಗೆ. ಹೈನುಗಾರಿಕೆಯಂಥ ಉಪಕಸುಬಿನ ಸಾಲವೂ ಇದರಲ್ಲೇ ಸೇರುತ್ತದೆ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಬೆಳೆ ಹಾಳಾಗಿ ಹಳೆ ಬೆಳೆಸಾಲದ ಅವಧಿ ಮುಂದೂಡುವಾಗ ಬ್ಯಾಂಕು ಹೆಚ್ಚುವರಿ ಆಸ್ತಿಯನ್ನು ಅಡ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಪ್ರಕೃತಿ ವಿಕೋಪ ಪರಿಹಾರದ ಬಗ್ಗೆ ಅದು 2018ರಲ್ಲಿ ಕೊಟ್ಟ ನಿರ್ದೇಶನದಲ್ಲೇ ಇದು ಇತ್ತು. ನಮ್ಮಪ್ಪನ ಸಾಲಕ್ಕೆ ಕಾಕಾನ ಎರಡೆಕರೆಯನ್ನೂ ಸೇರಿಸಿ ಅಂತ ಒಂದು ಶಾಖೆಯಲ್ಲಿ ಹೇಳಿದರು. "ಸರ್, ಅದನ್ನೇ ಬರೆದು ಸಹಿ ಹಾಕಿ ಕೊಡ್ರಿ" ಅಂದೆ. ಆ ಮಾತು ಮತ್ತೆ ಬರಲಿಲ್ಲ. ನೀವೂ ಹಾಗೇ ಕೇಳಿ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯದೆ ಬಿಡಬೇಡಿ.

ಹೀಗೆ ಅವಧಿ ಮುಂದೂಡಲು ಬೆಳೆಹಾನಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಎಂದು ಸರ್ಕಾರದ ಸಮೀಕ್ಷೆಯಲ್ಲಿ ದಾಖಲಾಗಿರಬೇಕು ಅಂತಲೂ ಆ ನಿರ್ದೇಶನದಲ್ಲಿತ್ತು. ಅದಕ್ಕೇ ಗ್ರಾಮ ಆಡಳಿತಾಧಿಕಾರಿ ಹೊಲಕ್ಕೆ ಬಂದಾಗ ನೀವೇ ಎದುರಿಗೆ ನಿಲ್ಲಿ.

2 ಲಕ್ಷ ಮೀರಿದ ಹೊಸ ಸಾಲಕ್ಕೆ ಅಡಮಾನ ಕೇಳುವುದು ಸಹಜ. ಎಲ್ಲ ಸರ್ವೆ ನಂಬರ್ ಕೊಡಬೇಡಿ, ಸಾಲಕ್ಕೆ ಸಾಕಾಗುವಷ್ಟೇ ಕೊಡಿ. ತೀರಿಸಿದ ಮೇಲೆ ಪಹಣಿಯ ಋಣದ ಕಾಲಂನಿಂದ ಬೋಜಾ, ಅಂದರೆ ಸಾಲದ ನಮೂದು, ತೆಗೆಸಿ.