ಬೆಳಚಿನ ಸ್ಯಾಂಪಲ್: ಅಳಿವೆಯಿಂದ ಟ್ಯೂಬಿನವರೆಗೆ

ಅಘನಾಶಿನಿ ಅಳಿವೆಯ ಬೆಳಚಿನಲ್ಲಿ (ಜನ ತಿನ್ನುವ ಚಿಪ್ಪುಜೀವಿ) ಇ. ಕೋಲಿ, ಅಂದರೆ ಮಲದ ಕೊಳೆ ಸೇರಿದೆಯೇ ಎಂದು ಸೂಚಿಸುವ ಬ್ಯಾಕ್ಟೀರಿಯಾ, ಎಷ್ಟಿದೆ ಎಂದು ನೋಡುವಾಗ ನೀರಿನ ಬಾಟಲಿಯನ್ನು ನಾವು ಹೆಚ್ಚು ನಂಬುವುದಿಲ್ಲ. ನೀರು ಪ್ರತಿ ಭರತಕ್ಕೂ ಬದಲಾಗುತ್ತದೆ. ಬೆಳಚು ನೀರು ಸೋಸಿ ತಿನ್ನುವ ಜೀವಿ, ಸೋಸಿದ್ದೆಲ್ಲ ಕೆಲಕಾಲ ಅದರ ಹೊಟ್ಟೆಯಲ್ಲೇ ಇರುತ್ತದೆ.

ಯಾವತ್ತು ತೆಗೆಯಬೇಕು ಎಂಬುದೇ ಮೊದಲ ಪ್ರಶ್ನೆ. ಜೋರು ಮಳೆ ಬಿದ್ದ ಒಂದೆರಡು ದಿನದೊಳಗೆ ಊರಿನ ಕೊಳೆ ನೀರೆಲ್ಲ ಹೊಳೆಗೆ ಇಳಿದಿರುತ್ತದೆ, ಎಣಿಕೆ ಏರುತ್ತದೆ. ಬಿಸಿಲ ದಿನಗಳನ್ನೇ ಆರಿಸಿಕೊಂಡು ಹೋದರೆ ವರ್ಷವಿಡೀ ಚಂದದ ವರದಿ ಬರುತ್ತದೆ, ಆದರೆ ಅಂಥ ವರದಿಯಿಂದ ತಿನ್ನುವವರಿಗೆ ಏನೂ ಲಾಭವಿಲ್ಲ. ಹಿಂದಿನ ಎರಡು ದಿನದ ಮಳೆ, ಭರತ-ಇಳಿತದ ಹೊತ್ತು, ನೀರಿನ ಉಷ್ಣತೆ ಮೂರನ್ನೂ ಅಲ್ಲೇ ಬರೆದುಕೊಳ್ಳಬೇಕು.

ಇಳಿತಕ್ಕೆ ದಿಬ್ಬ ಬಯಲಾದಾಗ, ಬೆಳಚು ಹೆಕ್ಕುವ ಹೆಂಗಸರು ಕೂರುವ ಜಾಗದಲ್ಲೇ ನಾವೂ ಹೆಕ್ಕುತ್ತೇವೆ. ಮೂವತ್ತರಷ್ಟಾದರೂ ಬೇಕು; ಮಾಂಸ, ಒಳಗಿನ ನೀರು ಸೇರಿ 100 ಗ್ರಾಂ ಸಿಗಬೇಕು. ಕೆಸರನ್ನು ಅಲ್ಲಿಯ ನೀರಿನಲ್ಲೇ ತೊಳೆದು ನೀರು ಬಸಿಯಿರಿ. ಬಕೆಟ್ಟಿನಲ್ಲಿ ಮುಳುಗಿಸಿ ಇಡಬಾರದು: ಬಾಯಿ ತೆರೆದು ಆ ನೀರು ಕುಡಿದರೆ ಲೆಕ್ಕವೇ ಕೆಟ್ಟಿತು. ತಟ್ಟಿದರೂ ಬಾಯಿ ಮುಚ್ಚದ್ದು ಸತ್ತದ್ದು, ಎಸೆಯಿರಿ. ಐಸ್ ಪ್ಯಾಕಿನ ಮೇಲೆ ದಪ್ಪ ರಟ್ಟು ಹಾಸಿ, ಅದರ ಮೇಲೆ ಚೀಲ. ಕರಗಿದ ಐಸಿನ ನೀರು ಚೀಲದೊಳಗೆ ಹೋಗದಂತೆ ನೋಡಿಕೊಳ್ಳಬೇಕು. ಬಾಕ್ಸು 10 ಡಿಗ್ರಿಯೊಳಗೆ ಇರಬೇಕು, 24 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು.

ಲ್ಯಾಬಿನಲ್ಲಿ ಚಿಪ್ಪನ್ನು ನಲ್ಲಿಯ ಕೆಳಗೆ ಬ್ರಷ್ಷಿನಿಂದ ಉಜ್ಜಿ, ಸ್ಟೆರೈಲ್ ಚಾಕುವಿನಿಂದ ಬಿಡಿಸಿ, ಒಂದು ಪಾಲು ಮಾಂಸಕ್ಕೆ ಎರಡು ಪಾಲು 0.1% ಪೆಪ್ಟೋನ್ ನೀರು (ಬ್ಯಾಕ್ಟೀರಿಯಾ ಸಾಯದಂತೆ ತೆಳುಗೊಳಿಸುವ ದ್ರವ) ಹಾಕಿ ಮಿಕ್ಸರಿನಲ್ಲಿ ಬಿಟ್ಟು ಬಿಟ್ಟು ರುಬ್ಬುತ್ತೇವೆ. ಹೊಸಬರು ಎಡವುವುದು ಇಲ್ಲಿಯೇ. ಈ ರುಬ್ಬಿನ 30 ಮಿ.ಲೀ.ಗೆ 70 ಮಿ.ಲೀ. ಪೆಪ್ಟೋನ್ ಸೇರಿಸಿದರೆ ಹತ್ತರಲ್ಲಿ ಒಂದು ಪಾಲು. ಅಭ್ಯಾಸಬಲದಿಂದ 10ಕ್ಕೆ 90 ಹಾಕಿದರೆ ಮೂವತ್ತರಲ್ಲಿ ಒಂದಾಗುತ್ತದೆ. ಎಷ್ಟು ಟ್ಯೂಬಿನಲ್ಲಿ ಬೆಳೆಯಿತು ಎಂಬುದರಿಂದ ಸಂಖ್ಯೆ ಅಂದಾಜಿಸುವ ಎಂಪಿಎನ್ ಕೋಷ್ಟಕಕ್ಕೆ ಅದು ಗೊತ್ತಿಲ್ಲವಲ್ಲ! ನಿಜವಾದ ಸಂಖ್ಯೆಯ ಮೂರನೇ ಒಂದು ಭಾಗ ಮಾತ್ರ ವರದಿಯಲ್ಲಿ ಬರುತ್ತದೆ. 600 ಇದ್ದದ್ದು 200 ಎಂದು ಕಾಣುತ್ತದೆ. ಯುರೋಪಿನಲ್ಲಿ ‘ಎ’ ದರ್ಜೆಗೆ, ಅಂದರೆ ಅತಿ ಶುದ್ಧ ಜಾಗಕ್ಕೆ, ಬಳಸುವ ಗಡಿ 100 ಗ್ರಾಂಗೆ 230; ಹಾಗಾಗಿ ಗಡಿ ಮೀರಿದ್ದೂ ಗಡಿಯೊಳಗೇ ಕಾಣುತ್ತದೆ. ಹೆಚ್ಚು ತೋರಿಸುವ ತಪ್ಪನ್ನು ಯಾರಾದರೂ ಪ್ರಶ್ನಿಸುತ್ತಾರೆ, ಕಡಿಮೆ ತೋರಿಸುವ ಇಂಥದ್ದನ್ನು ಯಾರೂ ಪ್ರಶ್ನಿಸುವುದಿಲ್ಲ.

ಆಮೇಲೆ ಇದನ್ನು ಹಾಕಲು ಐದೈದರ ಮೂರು ಸಾಲು ಟ್ಯೂಬು, ಒಳಗೆ ಬ್ಯಾಕ್ಟೀರಿಯಾ ಬೆಳೆಸುವ ಗ್ಲುಟಮೇಟ್ ಬ್ರಾತ್ ಎಂಬ ದ್ರವ, 37 ಡಿಗ್ರಿಯಲ್ಲಿ ಒಂದು ದಿನ. ಹಳದಿಯಾದ ಟ್ಯೂಬುಗಳಿಂದ ಇ. ಕೋಲಿಗೆ ಬಣ್ಣ ಬರಿಸುವ ಟಿಬಿಎಕ್ಸ್ ಅಗರ್ ತಟ್ಟೆಯ ಮೇಲೆ ಗೀರಿ 44 ಡಿಗ್ರಿಯಲ್ಲಿ ಇಟ್ಟರೆ ಇ. ಕೋಲಿ ನೀಲಿ-ಹಸಿರು ಬೊಟ್ಟುಗಳಾಗಿ ಏಳುತ್ತದೆ. ಇನ್‌ಕ್ಯುಬೇಟರಿನ ಪರದೆಯ ಅಂಕಿಯನ್ನೇ ನಂಬದೆ ಒಳಗೆ ಬೇರೆ ಥರ್ಮಾಮೀಟರ್ ಇಡಿ. ಉಷ್ಣತೆ ಇಳಿದರೆ ಬೇಡದವೂ ಬೆಳೆಯುತ್ತವೆ.

ಇ. ಕೋಲಿ ಕಡಿಮೆ ಬಂತೆಂದು ವೈರಸ್ ಇಲ್ಲ ಎನ್ನುವಂತಿಲ್ಲ, ವಿಬ್ರಿಯೋ ಎಂಬ ಬೇರೆ ಬ್ಯಾಕ್ಟೀರಿಯಾದ ಲೆಕ್ಕವೂ ಬೇರೆಯೇ. ಸುಕ್ಕೆಗೆಂದು (ಒಣ ಪಲ್ಯಕ್ಕೆಂದು) ಬೇಯಿಸುವಾಗ ಚಿಪ್ಪು ಬಾಯಿ ಬಿಟ್ಟ ಕೂಡಲೇ ಒಲೆ ಆರಿಸುತ್ತಾರೆ. ಆಗಿನ್ನೂ ಒಳಗಿನ ಮಾಂಸ ಸಾಕಷ್ಟು ಬಿಸಿಯಾಗಿರುವುದಿಲ್ಲ. ಹೆಪಟೈಟಿಸ್ ಎ ವೈರಸ್ ಸಾಯಲು ಮಾಂಸದ ನಡುಭಾಗ 90 ಡಿಗ್ರಿಯಲ್ಲಿ 90 ಸೆಕೆಂಡ್ ಇರಬೇಕು. ಬಾಯಿ ಬಿಟ್ಟ ಮೇಲೂ ನಾಲ್ಕೈದು ನಿಮಿಷ ಕುದಿಸಿ.