ಹತ್ತು ಜನರ ಟ್ರಿಪ್, ನಾಲ್ಕು ಜನ ಡೈವರ್ಸ್: ಬೊನೇರ್‌ನಲ್ಲಿ ದಿನ ಹೊಂದಿಸೋದು ಹೇಗೆ

ನಾವು ಮೂರು ಫ್ಯಾಮಿಲಿ ಸೇರಿ ಹತ್ತು ಜನ ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪಕ್ಕೆ ಹೋಗಿದ್ವಿ, ಅದರಲ್ಲಿ ಸ್ಕೂಬಾ ಡೈವ್ ಮಾಡೋರು ನಾಲ್ಕೇ ಜನ, ಉಳಿದೋರಿಗೆ ಬೀಚು, ಮಕ್ಕಳು, ಅಡುಗೆ, ಮಧ್ಯಾಹ್ನದ ನಿದ್ದೆ. ಇಂಥ ಗುಂಪಲ್ಲಿ ಡೈವಿಂಗನ್ನ ಅಲ್ಲಿಗೆ ಹೋದ್ಮೇಲೆ ನೋಡ್ಕೊಳ್ಳೋಣ ಅಂತ ಬಿಟ್ರೆ ದಿನಾ ಬೆಳಗ್ಗೆ ಚರ್ಚೆ ಶುರುವಾಗುತ್ತೆ, ಯಾರೋ ಒಬ್ರಿಗೆ ಬೇಜಾರು ಗ್ಯಾರಂಟಿ. ಅದಕ್ಕೇ ಫ್ಲೈಟ್ ಬುಕ್ ಮಾಡೋ ದಿನಾನೇ ಡೈವಿಂಗ್ ದಿನಗಳನ್ನೂ ಬರ್ದಿಟ್ಕೊಳ್ಳಿ, ಅದೂ ವಾಪಸ್ ಬರೋ ಫ್ಲೈಟಿಂದ ಹಿಂದಕ್ಕೆ ಎಣಿಸ್ಕೊಂಡು.

ಯಾಕೆ ಹಿಂದಕ್ಕೆ ಅಂದ್ರೆ, ನೀರೊಳಗೆ ಒತ್ತಡದಲ್ಲಿ ಉಸಿರಾಡಿದಾಗ ಮೈಯಲ್ಲಿ ನೈಟ್ರೋಜನ್ ಕರಗಿರುತ್ತೆ, ಅದು ಹೊರಗೆ ಹೋಗೋಕೆ ಟೈಮ್ ಬೇಕು, ಅದಕ್ಕೆ ಮುಂಚೆ ವಿಮಾನ ಹತ್ತಿದ್ರೆ ಕ್ಯಾಬಿನ್ ಒತ್ತಡ ಕಮ್ಮಿ ಇರೋದ್ರಿಂದ ಗುಳ್ಳೆ ಕಟ್ಟೋ ಅಪಾಯ ಇದೆ. ಒಂದೇ ಡೈವ್ ಮಾಡಿದ್ರೆ ಕನಿಷ್ಠ 12 ಗಂಟೆ, ಹಲವಾರು ದಿನ ಮಾಡಿದ್ರೆ ಕನಿಷ್ಠ 18 ಗಂಟೆ ಅಂತ ಇದೆ, ನಾನಂತೂ ಪೂರ್ತಿ 24 ಗಂಟೆ ಬಿಡಿ ಅಂತೀನಿ. ಶನಿವಾರ ಮಧ್ಯಾಹ್ನ ಫ್ಲೈಟ್ ಇದ್ರೆ ಶುಕ್ರವಾರ ಮಧ್ಯಾಹ್ನದ ಮೇಲೆ ನೀರಿಗಿಳಿಯೋ ಹಾಗಿಲ್ಲ. ಹಾಗಾಗಿ ಶುಕ್ರವಾರವನ್ನ ಪೂರ್ತಿ ಬಿಟ್ರೆ, ಶನಿವಾರದಿಂದ ಶನಿವಾರದವರೆಗಿನ ಟ್ರಿಪ್ಪಲ್ಲಿ ಡೈವಿಂಗ್‌ಗೆ ಸಿಗೋದು ಭಾನುವಾರದಿಂದ ಗುರುವಾರ. ಈ ಐದರಲ್ಲಿ ನಾಲ್ಕು ಬೆಳಗ್ಗೆ ಡೈವರ್ಸ್‌ಗೆ, ಮಧ್ಯದಲ್ಲಿ ಒಂದು ದಿನ ಪೂರ್ತಿ ಎಲ್ಲರಿಗೂ. ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ವಾಪಸ್ ಇರ್ತೀವಿ ಅಂತ ಮನೆಯೋರಿಗೆ ಮಾತು ಕೊಡಿ, ಕೊಟ್ಮೇಲೆ ಉಳಿಸ್ಕೊಳ್ಳಿ.

ಬೊನೇರ್ ಯಾಕೆ ಅಂದ್ರೆ ಅಲ್ಲಿ ದೋಣಿ ಇಲ್ಲದೇ ದಡದಿಂದಾನೇ ಡೈವ್ ಮಾಡ್ಬಹುದು, ಬೇರೆಯವರ ಟೈಮಿಗೆ ಕಾಯ್ಬೇಕಿಲ್ಲ, ಗುಂಪಲ್ಲಿ ಹೋದೋರಿಗೆ ಇದಕ್ಕಿಂತ ಅನುಕೂಲ ಇಲ್ಲ. ಗಾಳಿ ಪೂರ್ವದಿಂದ ಬೀಸೋದ್ರಿಂದ ಪಶ್ಚಿಮದ ದಡ ಹೆಚ್ಚಾಗಿ ಶಾಂತವಾಗಿರುತ್ತೆ, ರಸ್ತೆ ಪಕ್ಕ ಹಳದಿ ಬಣ್ಣ ಬಳಿದ ಕಲ್ಲಿನ ಮೇಲೆ ಸೈಟ್ ಹೆಸರು ಬರ್ದಿರ್ತಾರೆ, ಪಕ್ಕದ ಪುಟ್ಟ ದ್ವೀಪ ಕ್ಲೈನ್ ಬೊನೇರ್ ಸೇರಿಸಿದ್ರೆ ಅಂಥವು 80ಕ್ಕೂ ಹೆಚ್ಚು. ಚಂಡಮಾರುತಗಳ ಮಾಮೂಲಿ ದಾರಿಗಿಂತ ದಕ್ಷಿಣಕ್ಕಿದೆ, ಹಾಗಂತ ಅಲೆ ಬರೋದೇ ಇಲ್ಲ ಅಂತಲ್ಲ, 1999ರ ಲೆನ್ನಿ ಚಂಡಮಾರುತ ದೂರದಿಂದಾನೇ ಅಲ್ಲಿಯ ಹವಳವನ್ನ ಹಾಳು ಮಾಡಿತ್ತು.

ಅಮೆರಿಕದಲ್ಲಿ ಎಚ್‌-1ಬಿ ಮೇಲೆ ಇರೋ ನಮ್ಮೋರು ಒಂದು ವಿಷಯ ಗಮನಿಸಿ. ಪಾಸ್‌ಪೋರ್ಟಲ್ಲಿ ವೀಸಾ ಸ್ಟ್ಯಾಂಪ್ ಎಕ್ಸ್‌ಪೈರ್ ಆಗಿದ್ರೂ ಕೆನಡಾ, ಮೆಕ್ಸಿಕೋಗೆ 30 ದಿನದೊಳಗೆ ಹೋಗಿ ಬರೋ ಅನುಕೂಲ ಇದೆಯಲ್ಲ, ಅದು ಎಚ್‌-1ಬಿಯೋರಿಗೆ ಬೊನೇರ್‌ನಂಥ ಕೆರಿಬಿಯನ್ ದ್ವೀಪಗಳಿಗೆ ಅನ್ವಯಿಸಲ್ಲ, ವಾಪಸ್ ಬರೋಕೆ ಸ್ಟ್ಯಾಂಪ್ ಚಾಲ್ತಿಯಲ್ಲಿ ಇರ್ಲೇಬೇಕು. ಬೊನೇರ್ ನೆದರ್‌ಲ್ಯಾಂಡ್ಸ್‌ಗೆ ಸೇರಿದ್ರೂ ಯುರೋಪಿನ ಷೆಂಗನ್ ವೀಸಾ ವಲಯದೊಳಗೆ ಬರಲ್ಲ, ಅದಕ್ಕೆ ಕೆರಿಬಿಯನ್ ವೀಸಾ ನಿಯಮ ಬೇರೆ ಇದೆ, ಟಿಕೆಟ್‌ಗೆ ಮುಂಚೆ ಓದ್ಕೊಳ್ಳಿ. ದುಡ್ಡು ಅಲ್ಲಿ ಯುಎಸ್ ಡಾಲರೇ, 2011ರಿಂದ.

ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿದೀನಿ ಅನ್ನೋರು ತುಂಬ ಜನ, ಆದ್ರೆ ಅಲ್ಲಿ ಹೆಚ್ಚಿನೋರು ಮಾಡೋದು ಇನ್‌ಸ್ಟ್ರಕ್ಟರ್ ಹಿಡ್ಕೊಂಡು ಕರ್ಕೊಂಡು ಹೋಗೋ ಟ್ರೈ ಡೈವ್, ಅದು ಸರ್ಟಿಫಿಕೇಟ್ ಅಲ್ಲ. ದಡದಿಂದ ನೀವೇ ಇಳೀಬೇಕು ಅಂದ್ರೆ ಓಪನ್ ವಾಟರ್ ಕಾರ್ಡ್, ಅಂದ್ರೆ ಡೈವಿಂಗ್‌ನ ಮೊದಲ ಹಂತದ ಸರ್ಟಿಫಿಕೇಟ್ ಬೇಕು. ರಜೆಯ ದಿನ ಕ್ಲಾಸಲ್ಲಿ ಕಳೀಬೇಡಿ, ಥಿಯರಿ ಆನ್‌ಲೈನ್‌ನಲ್ಲಿ, ಪೂಲ್ ಪಾಠ ನಿಮ್ಮೂರಲ್ಲೇ ಮುಗ್ಸಿ, ಕೊನೇ ನಾಲ್ಕು ಡೈವ್ ಮಾತ್ರ ಅಲ್ಲಿ ಮಾಡಿ, ರೆಫರಲ್ ಅಂತಾರೆ ಇದಕ್ಕೆ. ಮಕ್ಕಳಿಗೆ 10 ವರ್ಷ ಆಗಿದ್ರೆ ಜೂನಿಯರ್ ಕೋರ್ಸ್ ಇದೆ. ಮೆಡಿಕಲ್ ಫಾರಂ ತಿಂಗಳ ಮುಂಚೆನೇ ಓದಿ, ಅಸ್ತಮಾ, ಬಿಪಿ, ಹಾರ್ಟ್ ವಿಷಯಕ್ಕೆ ಎಸ್ ಅಂತ ಬಂದ್ರೆ ಡಾಕ್ಟರ್ ಸಹಿ ಬೇಕಾಗುತ್ತೆ, ಅಲ್ಲಿ ಹೋಗಿ ಅದನ್ನ ಹುಡುಕ್ತಾ ಕೂತ್ರೆ ಒಂದು ದಿನ ಹೋಯ್ತು. ದಯವಿಟ್ಟು ಸುಳ್ಳು ಟಿಕ್ ಹಾಕ್ಬೇಡಿ.

ಮೊದಲನೇ ಬೆಳಗ್ಗೆ ದೊಡ್ಡ ಪ್ಲಾನ್ ಬೇಡ. ಮರೈನ್ ಪಾರ್ಕ್ ಶುಲ್ಕ ಕಟ್ಟಿ ಡೈವ್ ಶಾಪಲ್ಲಿ ಓರಿಯೆಂಟೇಶನ್ ಕೇಳಿ ಒಂದು ಚೆಕ್ ಡೈವ್, ಅಂದ್ರೆ ಪರೀಕ್ಷೆಗೆ ಮಾಡೋ ಡೈವ್, ಮಾಡ್ಲೇಬೇಕು, ಅದು ಅಲ್ಲಿಯ ನಿಯಮ, ಒಳ್ಳೇ ನಿಯಮ. 1979ರಿಂದ ಪಾರ್ಕ್ ಆಗಿದೆ, ಏನನ್ನೂ ಮುಟ್ಟೋ ಹಾಗಿಲ್ಲ, ಗ್ಲೌಸ್ ಹಾಕೋ ಹಾಗಿಲ್ಲ. 2023ರಲ್ಲಿ ಅಲ್ಲಿ ಹವಳದ ಅಂಗಾಂಶ ಕರಗಿಸೋ ರೋಗ ಕಾಣಿಸ್ಕೊಂಡಿದೆ, ಹಾಗಾಗಿ ಗೇರ್ ತೊಳ್ಯೋ ವಿಷಯದಲ್ಲಿ ಶಾಪಿನೋರು ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿ. ನೂರಾರು ವರ್ಷದ ಬ್ರೇನ್ ಕೋರಲ್ (ಮಿದುಳಿನ ಆಕಾರದ ಹವಳ) ಬೆಳ್ಳಗಾಗಿ ಸತ್ತು ನಿಂತಿರೋದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಎರಡನೇ ದಿನ ಎಲ್ಲರೂ ಸೇರಿ ಕ್ಲೈನ್ ಬೊನೇರ್‌ಗೆ ಹೋಗಿ. ಡೈವರ್ಸ್ ಬೋಟಲ್ಲಿ, ಉಳಿದೋರು ವಾಟರ್ ಟ್ಯಾಕ್ಸಿ ಹಿಡಿದು ನೋ ನೇಮ್ ಬೀಚ್‌ಗೆ, ಅಲ್ಲಿ ಸ್ನಾರ್ಕೆಲ್‌ಗೇ ಆಮೆ ಕಾಣಿಸ್ಬಹುದು, ಕಮ್ಮಿ ಆಳದಲ್ಲೇ ಹವಳ ಶುರುವಾಗುತ್ತೆ. ಅಲ್ಲಿ ಅಂಗಡಿ ಇಲ್ಲ, ನೆರಳು ಅಷ್ಟಕ್ಕಷ್ಟೆ, ನೀರು, ಟೋಪಿ, ಚಿತ್ರಾನ್ನದ ಡಬ್ಬಿ ಎಲ್ಲಾ ಇಲ್ಲಿಂದಾನೇ ಒಯ್ಯಬೇಕು. ಮೂರನೇ ದಿನ ರೆಸ್ಟ್, ಎಲ್ಲರೂ ಲಾಕ್ ಬೇಗೆ, ಅಲ್ಲಿ ನೀರು ಸೊಂಟದ ಮಟ್ಟ, ಗಾಳಿ ಜೋರು, ಮಕ್ಕಳು ವಿಂಡ್‌ಸರ್ಫಿಂಗ್ ಕಲೀಬಹುದು.

ನಾಲ್ಕನೇ ದಿನ ದಕ್ಷಿಣಕ್ಕೆ. ಆಳದ ಡೈವ್ ಮೊದಲು, ಅಂದ್ರೆ ಹಿಲ್ಮಾ ಹೂಕರ್. 72 ಮೀಟರ್ ಉದ್ದದ ಹಡಗು, ಗಾಂಜಾ ಸಿಕ್ಕು ವಶಪಡಿಸ್ಕೊಂಡಿದ್ರು, 1984ರ ಸೆಪ್ಟೆಂಬರಲ್ಲಿ ಮುಳುಗ್ತು, ಈಗ ಬಲಗಡೆಗೆ ಮಗ್ಗುಲಾಗಿ ಸುಮಾರು 30 ಮೀಟರಲ್ಲಿ ಮಲಗಿದೆ. ಓಪನ್ ವಾಟರ್ ಕಾರ್ಡಿನ ಮಿತಿ 18 ಮೀಟರ್, ಅದಷ್ಟೇ ಇರೋರು ಮೇಲಿಂದಾನೇ ನೋಡ್ಲಿ, ಕೆಳಗೆ ಎಳ್ಕೊಂಡು ಹೋಗ್ಬೇಡಿ. ಒಂದು ಗಂಟೆ ದಡದಲ್ಲಿ ಕೂತು ನೀರು ಕುಡಿದು ಆಮೇಲೆ ಸಾಲ್ಟ್ ಪಿಯರ್, ಅಂದ್ರೆ ಹಡಗಿಗೆ ಉಪ್ಪು ತುಂಬೋ ಕಟ್ಟೆ. ಅಲ್ಲಿ ಉಪ್ಪಿನ ಹಡಗು ನಿಂತಿದ್ರೆ ಡೈವ್ ಇಲ್ಲ, ಹಿಂದಿನ ದಿನಾನೇ ಶಾಪಲ್ಲಿ ಕೇಳಿ.

ಇಳಿಯೋ ರೀತಿ ಹೇಳ್ತೀನಿ, ಇಲ್ಲೇ ಜಾಸ್ತಿ ಜನ ಬೀಳೋದು. ದಡ ಪೂರ್ತಿ ಹವಳದ ಚೂರು, ಬೆನ್ನ ಮೇಲೆ ಟ್ಯಾಂಕ್ ಭಾರ. ಗಟ್ಟಿ ಸೋಲ್ ಇರೋ ಬೂಟಿ ಹಾಕಿ, ಫಿನ್ಸ್ (ಕಾಲಿಗೆ ಹಾಕೋ ಈಜುರೆಕ್ಕೆ) ಕೈಲಿ ಹಿಡ್ಕೊಂಡು ಜೊತೆ ಡೈವರ್‌ನ ಭುಜ ಹಿಡಿದು ಕಾಲೆಳೀತಾ ನಿಧಾನ ಹೋಗಿ, ಎದೆ ಮಟ್ಟ ಬಂದ ತಕ್ಷಣ ಬಿಸಿಡಿಗೆ (ತೇಲೋಕೆ ಹಾಕೋ ಜಾಕೆಟ್) ಗಾಳಿ ತುಂಬಿ ತೇಲ್ಕೊಂಡು ಫಿನ್ಸ್ ಹಾಕ್ಕೊಳ್ಳಿ. ಆಮೇಲೆ ಪಿಯರ್ ಕೆಳಗೆ ಹೋದ್ರೆ ಒಂದೊಂದು ಕಂಬದ ಮೈತುಂಬ ಕೇಸರಿ, ಹಳದಿ ಸ್ಪಂಜು, ಮೇಲಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಇಳೀತಿರುತ್ತೆ, ಆ ಪಟ್ಟೆ ದಾಟಿ ಮೀನಿನ ಹಿಂಡು ಹೋದಾಗ ಒಂದ್ಸಲ ಬೆಳ್ಳಿ, ಒಂದ್ಸಲ ಕಪ್ಪು. ನಾನು ಅಲ್ಲಿ ಇಪ್ಪತ್ತು ನಿಮಿಷ ಒಂದೇ ಕಂಬದ ಹತ್ರ ನಿಂತಿದ್ದೆ.

ಕಿವಿ ವಿಷಯ. ಮೊದಲ 10 ಮೀಟರಲ್ಲೇ ಒತ್ತಡ ಡಬಲ್ ಆಗುತ್ತೆ, ನೋವು ಬರೋಕೆ ಮುಂಚೆನೇ ಮೂಗು ಹಿಡಿದು ಊದಿ ಕಿವಿ ಬಿಡಿಸ್ಕೊಳ್ತಾ ಇಳೀಬೇಕು. ನಮ್ಮಲ್ಲೊಬ್ರು ನೆಗಡಿ ಇದ್ರೂ ದುಡ್ಡು ಕೊಟ್ಟಿದೀವಲ್ಲ ಅಂತ ಇಳಿದು ನಾಲ್ಕು ದಿನ ಕಿವಿ ನೋವಲ್ಲಿ ಕೂತ್ರು. ನೆಗಡಿ ಬಂದೋರು ಆ ದಿನ ಬಿಡಬೇಕು ಅಂತ ಮುಂಚೆನೇ ಮಾತಾಡ್ಕೊಳ್ಳಿ, ಆಗ ಯಾರಿಗೂ ಮುಜುಗರ ಆಗಲ್ಲ. ಡೈವಿಂಗ್ ಇನ್ಶೂರೆನ್ಸ್ ಮಾಡಿಸಿ, ಮಾಮೂಲಿ ಟ್ರಾವೆಲ್ ಪಾಲಿಸಿಲಿ ಡೈವಿಂಗ್ ಸೇರಿದ್ಯಾ ನೋಡಿ.

ಪಿಕಪ್ ಬಾಡಿಗೆಗೆ ತಗೊಂಡ್ರೆ ಡೈವ್ ಸೈಟಲ್ಲಿ ಗಾಡಿಯೊಳಗೆ ಏನೂ ಬಿಡ್ಬೇಡಿ, ಫೋನು, ಪರ್ಸು ಎಲ್ಲಾ ಮನೇಲಿ ಇರೋರ ಹತ್ರ.

ಐದನೇ ದಿನ, ಗುರುವಾರ, ಬೆಳಗ್ಗೆ ಒಂದೇ ಡೈವ್, ಹತ್ತು ಗಂಟೆಯೊಳಗೆ ಮೇಲೆ ಬನ್ನಿ. ಶುಕ್ರವಾರ ಬ್ರಾಂಡಾರಿಸ್ ಗುಡ್ಡ ಹತ್ತೋಕೆ ಸರಿ, 241 ಮೀಟರ್ ಅಷ್ಟೆ, ಮಕ್ಕಳೂ ಹತ್ತುತಾರೆ, ಅಷ್ಟೊತ್ತಿಗೆ ಬಾಲ್ಕನೀಲಿ ವೆಟ್‌ಸೂಟ್, ಬೂಟಿ ಒಣಗಿರುತ್ತೆ, ಒದ್ದೆ ಇದ್ರೆ ಲಗೇಜ್ ತೂಕ ಮೀರುತ್ತೆ. ರೆಗ್ಯುಲೇಟರ್ (ಟ್ಯಾಂಕಿನ ಗಾಳಿ ಉಸಿರಾಡೋ ಸಾಧನ), ಡೈವ್ ಕಂಪ್ಯೂಟರ್ ಮಾತ್ರ ಕೈಚೀಲದಲ್ಲೇ ಇಟ್ಕೊಳ್ಳಿ.